ನೆಕ್ರಾಜೆಯ ಹೆಸರಲ್ಲೇ ಇದೆ ಸಾಫ್ಟ್‌ವೇರ್ ಪಾಠ

ಸಾಫ್ಟ್‌ವೇರ್ ಕೆಲಸಕ್ಕೆ ಹೊರಟ ನಮ್ಮ ಗಡಿನಾಡಿನ ಯುವಜನರು ಮೊದಲು ರೂಢಿಸಿಕೊಳ್ಳಬೇಕಾದದ್ದು, ಕೋಡ್ ಬರೆಯುವ ಮುನ್ನ ವಿಷಯವನ್ನು ಅರಿಯುವ ಅಭ್ಯಾಸ. ಉದಾಹರಣೆಗೆ ನಮ್ಮೂರ ಹೆಸರನ್ನೇ ನೋಡೋಣ.

‘ನೆಕ್ರಾಜೆ’ ಎಂದು ಓದುವಾಗ ನಮಗೆ ಕಾಣುವುದು 3 ಅಕ್ಷರ: ನೆ, ಕ್ರಾ, ಜೆ. ಯೂನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮಗಳು ಬೇರೆ ಬೇರೆಯಾಗಿ 8 ಸಂಕೇತಗಳಾಗುತ್ತವೆ. ಯುಟಿಎಫ್-8ರಲ್ಲಿ 24 ಬೈಟ್. ಮೊದಲ 3 ಸಂಕೇತಗಳನ್ನಷ್ಟೇ ಉಳಿಸಿಕೊಂಡರೆ ಸಿಗುವುದು ‘ನೆಕ’. ಇಂಗ್ಲಿಷ್ ಹೆಸರುಗಳಿಂದ ಮಾತ್ರ ಪರೀಕ್ಷಿಸಿದವರಿಗೆ ಈ ತಪ್ಪು ಕಾಣುವುದಿಲ್ಲ. ಅರ್ಜಿಯಲ್ಲಿ ಹೆಸರು ತುಂಡಾದಾಗ ಕಷ್ಟಪಡುವವರು ನಾವೇ.

ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಸ್ವರಕ್ಕೂ ಅದರ ಚಿಹ್ನೆಗೂ ಒಂದೇ ಕೀಲಿ. ವ್ಯಂಜನದ ನಂತರ ಒತ್ತಿದರೆ ಸ್ವರ ತಾನಾಗಿ ಚಿಹ್ನೆಯಾಗುತ್ತದೆ. ಭಾಷೆಯ ನಿಯಮವನ್ನು ತಂತ್ರಾಂಶವೇ ನೋಡಿಕೊಳ್ಳುವುದರಿಂದ ಬೆರಳಚ್ಚು ಮಾಡುವವರ ಕೆಲಸ ಹಗುರ.

ದಿನನಿತ್ಯದ ರೂಢಿಗೆ ಇಷ್ಟು:

- ದೋಷಸಂದೇಶವನ್ನು ಕೊನೆಯವರೆಗೆ ಓದಿ, ಆಮೇಲೆ ತಿದ್ದಿ.
- ಬದಲಾವಣೆ ಚಿಕ್ಕದಿರಲಿ. 2005ರಲ್ಲಿ ಬಂದ ‘ಗಿಟ್’ನಲ್ಲಿ ಅದನ್ನು ದಾಖಲಿಸಿ, ಏಕೆ ಮಾಡಿದಿರೆಂದೂ ಬರೆಯಿರಿ.
- ಇತರರ ಕೋಡ್ ಓದಿ. ನಿಮ್ಮದನ್ನು ಇತರರಿಗೆ ತೋರಿಸಿ.
- ಗೊತ್ತಿಲ್ಲದ್ದನ್ನು ಕೇಳಲು ಸಂಕೋಚ ಬೇಡ.
- ಪರೀಕ್ಷೆಗೆ ಕನ್ನಡ, ಮಲಯಾಳ ಹೆಸರುಗಳನ್ನೂ ಕೊಡಿ.

ಕನ್ನಡ ಮಾಧ್ಯಮದಲ್ಲಿ ಓದಿದೆವೆಂಬ ಅಳುಕು ಬೇಡ. ಒತ್ತಕ್ಷರ ಬಲ್ಲವರಿಗೆ ಇಂಥ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.