ಸರದಿಯ ಸಾಲಿಗೊಂದು ಬೆಲೆ

ಗೂಗಲ್‌ನಲ್ಲಿ ಎರಡು ಪದ ಬರೆದೊಡನೆ ಜಾಲತಾಣಗಳ ಉದ್ದನೆಯ ಪಟ್ಟಿಯೊಂದು ನಿಮ್ಮ ಕಣ್ಣೆದುರು ಬಂದು ನಿಲ್ಲುತ್ತದೆ. ಆ ಪಟ್ಟಿಗೆ ಒಂದು ತಾಣ ಸೇರುವುದಾದರೂ ಹೇಗೆಂದು ಎಂದಾದರೂ ಯೋಚಿಸಿದ್ದೀರಾ? ಒಂದು ಕಾಲದಲ್ಲಿ ಅದಕ್ಕಾಗಿ ಅರ್ಜಿ ಸಲ್ಲಿಸಿ ಕಾಯಬೇಕಾಗಿತ್ತು. ಕಾಯಲಾರದವರು ಹಣ ತೆರುತ್ತಿದ್ದರು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೋ 1994ರಲ್ಲಿ ತಾವು ಮೆಚ್ಚಿದ ತಾಣಗಳನ್ನು ಪಟ್ಟಿ ಮಾಡತೊಡಗಿದರು. ಅದೇ ಯಾಹೂ. ನಿಮ್ಮ ಕಾಲೇಜು ಗ್ರಂಥಾಲಯದಲ್ಲಿ ಪುಸ್ತಕಗಳನ್ನು ವಿಷಯವಾರು ಜೋಡಿಸಿರುತ್ತಾರಲ್ಲ, ಹಾಗೆಯೇ ಇಲ್ಲಿಯೂ ಸಂಪಾದಕರು ಪ್ರತಿಯೊಂದು ತಾಣವನ್ನೂ ಕಣ್ಣಾರೆ ನೋಡಿ ತಕ್ಕ ವಿಭಾಗಕ್ಕೆ ಸೇರಿಸುತ್ತಿದ್ದರು. ತಾಣಗಳು ಹೆಚ್ಚಿದವು, ಸಂಪಾದಕರು ಆ ವೇಗದಲ್ಲಿ ಹೆಚ್ಚಲಿಲ್ಲ. ಅರ್ಜಿಗಳು ರಾಶಿ ಬಿದ್ದವು.

1999ರಲ್ಲಿ ಯಾಹೂ ಒಂದು ಹೊಸ ದಾರಿ ತೆರೆಯಿತು. 199 ಡಾಲರ್ ಕೊಟ್ಟರೆ ಏಳು ಕೆಲಸದ ದಿನಗಳೊಳಗೆ ನಿಮ್ಮ ತಾಣವನ್ನು ಪರಿಶೀಲಿಸಿ ಉತ್ತರ ಹೇಳುತ್ತೇವೆ ಎಂದಿತು. ನಮ್ಮ ರೈಲ್ವೆಯ ತತ್ಕಾಲ್ ಯೋಜನೆ ನಿಮಗೆ ನೆನಪಾಗಬಹುದು. ಆದರೆ ಇಲ್ಲಿ ಹಣಕ್ಕೆ ಸಿಗುತ್ತಿದ್ದುದು ಆಸನವಲ್ಲ, ಅರ್ಜಿ ನೋಡುತ್ತೇವೆಂಬ ಮಾತು ಮಾತ್ರ! ತಾಣವನ್ನು ತಿರಸ್ಕರಿಸಿದರೂ ಶುಲ್ಕ ಹಿಂದಿರುಗುತ್ತಿರಲಿಲ್ಲ. ಮುಂದೆ ವಾಣಿಜ್ಯ ವಿಭಾಗಗಳಿಗೆ ಈ ಶುಲ್ಕವೇ ಕಡ್ಡಾಯವಾಯಿತು. 2001ರ ಕೊನೆಗೆ ಅದು ವರ್ಷಕ್ಕೆ 299 ಡಾಲರ್‌ಗೆ ಏರಿತು. ದೊಡ್ಡ ಕಂಪನಿಗೆ ಅದೇನು ಲೆಕ್ಕ? ಮನೆಯಲ್ಲೇ ಕುಳಿತು ವ್ಯಾಪಾರ ಮಾಡುವವನಿಗೆ ಮಾತ್ರ ಅದು ಬಾಗಿಲನ್ನೇ ಮುಚ್ಚಿದಂತೆ.

ಸಂಪಾದಕರ ಬದಲು ಯಂತ್ರವೇ ಪುಟಗಳನ್ನು ಓದಿ ಸಂಗ್ರಹಿಸುವ ಸರ್ಚ್ ಎಂಜಿನ್‌ಗಳೂ ಹಿಂದೆ ಬೀಳಲಿಲ್ಲ. ಇಂಕ್‌ಟೋಮಿ 2000ದಲ್ಲಿ ಪುಟವೊಂದಕ್ಕೆ ಇಷ್ಟು ಎಂದು ಶುಲ್ಕ ಗೊತ್ತುಮಾಡಿತು. ಹಣ ಕೊಟ್ಟವರ ಪುಟವನ್ನು ಅದರ ಯಂತ್ರ ಎರಡು ದಿನಕ್ಕೊಮ್ಮೆ ಓದುತ್ತಿತ್ತು. ಮರುವರ್ಷ ಆಲ್ಟಾವಿಸ್ಟಾ ಕೂಡ ಅದೇ ಹಾದಿ ಹಿಡಿಯಿತು. ಸೇರ್ಪಡೆ ಬೇಗ ಆಗುತ್ತದೆ ಅಷ್ಟೆ, ಮೇಲಿನ ಸ್ಥಾನ ಮಾರಾಟಕ್ಕಿಲ್ಲ ಎಂಬುದು ಇವರ ಸಮಜಾಯಿಷಿ. ಆದರೆ ಪಟ್ಟಿಯಲ್ಲೇ ಇಲ್ಲದವನಿಗೆ ಮೇಲೇನು, ಕೆಳಗೇನು?

1998ರಲ್ಲಿ ಆರಂಭವಾದ ಗೋಟೂ ಎಂಬ ತಾಣ ಸ್ಥಾನಗಳನ್ನೇ ಹರಾಜು ಹಾಕುತ್ತಿತ್ತು. ಅದನ್ನು ಹೀಗಳೆದವರು ಬಹಳ. ಆದರೂ ಯಾರು ಎಷ್ಟು ಕೂಗಿದ್ದಾರೆಂಬುದನ್ನು ಅದು ಪ್ರತಿ ಫಲಿತಾಂಶದ ಪಕ್ಕದಲ್ಲೇ ಬರೆಯುತ್ತಿತ್ತು. ನನಗೆ ಕೇಳಿದರೆ, ಸಂಭಾವಿತರೆನಿಸಿಕೊಂಡ ಉಳಿದವರಿಗಿಂತ ಅದೇ ಹೆಚ್ಚು ಪ್ರಾಮಾಣಿಕ. ಏಕೆಂದರೆ ಉಳಿದ ಪಟ್ಟಿಗಳಲ್ಲಿ ಹಣ ಕೊಟ್ಟವರು ಯಾರು, ಕೊಡದವರು ಯಾರು ಎಂಬುದು ಓದುಗನಿಗೆ ತಿಳಿಯುವಂತಿರಲಿಲ್ಲ.

ಇದೇ ಆಕ್ಷೇಪವನ್ನು 2001ರ ಜುಲೈನಲ್ಲಿ ‘ಕಮರ್ಷಿಯಲ್ ಅಲರ್ಟ್’ ಎಂಬ ಬಳಕೆದಾರರ ಸಂಸ್ಥೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮುಂದಿಟ್ಟಿತು. ಆಯೋಗ ಯಾರಿಗೂ ದಂಡ ಹಾಕಲಿಲ್ಲ. 2002ರ ಜೂನ್‌ನಲ್ಲಿ ಸರ್ಚ್ ಕಂಪನಿಗಳಿಗೆ ಪತ್ರ ಬರೆದು, ಹಣ ಪಡೆದದ್ದನ್ನು ಎದ್ದು ಕಾಣುವಂತೆ ತಿಳಿಸಿರಿ ಎಂದಿತು.

ಅಷ್ಟರಲ್ಲಿ ಗೂಗಲ್ ಬೆಳೆದು ನಿಂತಿತ್ತು. ತಾಣದಿಂದ ತಾಣಕ್ಕಿರುವ ಕೊಂಡಿಗಳ ಜಾಡು ಹಿಡಿದು ಅದರ ಯಂತ್ರ ತಾನೇ ಹೊಸ ಪುಟಗಳನ್ನು ಹುಡುಕಿಕೊಳ್ಳುತ್ತಿತ್ತು. ಸೇರ್ಪಡೆಗೆ ಹಣ ಪಡೆಯದೆ, ಜಾಹೀರಾತನ್ನು ಬೇರೆಯಾಗಿ ತೋರಿಸಿ, ಅದರಿಂದಲೇ ಹೇರಳ ಸಂಪಾದಿಸಿತು. ಇಂಕ್‌ಟೋಮಿ, ಆಲ್ಟಾವಿಸ್ಟಾಗಳನ್ನು ತನ್ನದಾಗಿಸಿಕೊಂಡ ಯಾಹೂ 2004ರಲ್ಲಿ ಶುಲ್ಕದ ಸೇರ್ಪಡೆಯನ್ನು ಹೊಸ ರೂಪದಲ್ಲಿ ತಂದು, 2009ರಲ್ಲಿ ಕೈಬಿಟ್ಟಿತು. ಆ ಹಳೆಯ ವಿಷಯವಾರು ಪಟ್ಟಿ 2014ರಲ್ಲಿ ಮುಚ್ಚಿತು.

ಗೂಗಲ್ ಕೊನೆಯವರೆಗೂ ಹಾಗೆಯೇ ಉಳಿಯಿತೆಂದು ತಿಳಿಯಬೇಡಿ. ಸರಕುಗಳನ್ನು ಹುಡುಕುವ ತನ್ನ ವಿಭಾಗವನ್ನು 2012ರಲ್ಲಿ ಹಣ ಕೊಟ್ಟವರಿಗಷ್ಟೇ ಮೀಸಲಿಟ್ಟಿತು. ಉಚಿತ ಸೇರ್ಪಡೆಗೆ ಅಲ್ಲಿ ಮತ್ತೆ ಎಡೆ ಸಿಕ್ಕಿದ್ದು 2020ರಲ್ಲಿ.