ಗೋಡೆಯ ಮೇಲೆ ಕೊರೆದ ಮದ್ದು

ಚಿಂತೆಗೆ ಮದ್ದನ್ನು ಕಲ್ಲಿನಲ್ಲಿ ಕೊರೆಯಿಸಿಟ್ಟ ಒಬ್ಬ ವೃದ್ಧನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಆತನ ಹೆಸರು ಡಯೋಜನೀಸ್. ಪೀಪಾಯಿಯಲ್ಲಿ ವಾಸವಾಗಿದ್ದನೆಂದು ನಾವು ಕೇಳಿರುವ ಡಯೋಜನೀಸ್ ಅಲ್ಲ; ಅವನಿಗಿಂತ ನಾಲ್ಕು ಶತಮಾನಗಳಿಗೂ ಈಚಿನವನು. ಇಂದಿನ ತುರ್ಕಿ ದೇಶದ ನೈಋತ್ಯ ಭಾಗದ ಬೆಟ್ಟಗಳ ನಡುವೆ ಇದ್ದ ಓಯಿನೋಆಂಡ ಎಂಬ ಊರಿನ ಸಿರಿವಂತ. ಕಾಲ, ಕ್ರಿ.ಶ. 2ನೆಯ ಶತಮಾನ. ರೋಮನ್ ಸಾಮ್ರಾಜ್ಯ ಬಹುಮಟ್ಟಿಗೆ ಶಾಂತವಾಗಿದ್ದ ದಿನಗಳವು. ಆದರೂ ಸುತ್ತಲಿನ ಜನರಿಗೆ ನೆಮ್ಮದಿಯಿಲ್ಲವೆಂಬುದು ಆತನಿಗೆ ಕಂಡಿತು. ತಪ್ಪು ಭಾವನೆಗಳ ರೋಗ ಸಾಂಕ್ರಾಮಿಕದಂತೆ ಹಬ್ಬಿದೆ, ಕುರಿಮಂದೆಯಲ್ಲಿ ಆಗುವಂತೆ ಒಬ್ಬರಿಂದೊಬ್ಬರಿಗೆ ಅಂಟುತ್ತಿದೆ ಎಂಬುದು ಆತನ ನಿದಾನ.

ಈ ರೋಗಕ್ಕೆ ಮದ್ದೆಂದು ಆತ ಮಾಡಿದ ಕೆಲಸ ವಿಚಿತ್ರವಾದದ್ದು. ಊರಿನ ನಡುವೆ, ಕಂಬಸಾಲಿನ ಮೊಗಸಾಲೆಯ ಗೋಡೆಯ ಉದ್ದಕ್ಕೂ, ಎಪಿಕ್ಯೂರಸನ ತತ್ತ್ವವನ್ನು ಕೆತ್ತಿಸಿದ. ಇಡೀ ಶಾಸನ ಸುಮಾರು 25,000 ಶಬ್ದಗಳಷ್ಟಿತ್ತೆಂದು ವಿದ್ವಾಂಸರ ಅಂದಾಜು. ನಮ್ಮ ನಾಡಿನ ಶಾಸನಗಳಲ್ಲಿ ದಾನದತ್ತಿಗಳೂ ವೀರಮರಣಗಳೂ ಹೆಚ್ಚು. ಇಲ್ಲಿ ದತ್ತಿಯಾಗಿ ಕೊಟ್ಟದ್ದು ವಿಚಾರ. ತಾನು ಬಾಳಿನ ಕೊನೆಗೆ ಬಂದಿರುವುದಾಗಿಯೂ, ಹೊರಡುವ ಮುನ್ನ ತನ್ನ ಊರವರಿಗೆ ಮಾತ್ರವಲ್ಲದೆ ಪರದೇಶಿಗಳಿಗೂ ಇನ್ನೂ ಹುಟ್ಟದವರಿಗೂ ನೆರವಾಗಬೇಕೆಂದಿರುವುದಾಗಿಯೂ ಆತ ಹೇಳಿಕೊಂಡಿದ್ದಾನೆ.

ಆತ ಭಯಗಳನ್ನು ವಿಂಗಡಿಸಿದ ರೀತಿ ನನಗೆ ಬಹಳ ಸೂಕ್ಷ್ಮವಾಗಿ ತೋರುತ್ತದೆ. ಎದುರಿಗೆ ಬೆಂಕಿ ಕಂಡಾಗ ಹುಟ್ಟುವ ಭಯ ಒಂದು. ಅದಕ್ಕೆ ರೂಪವಿದೆ, ಕಾರಣವಿದೆ. ಮನಸ್ಸು ಬೇರೆ ಯಾವುದೋ ಕೆಲಸದಲ್ಲಿ ತೊಡಗಿರುವಾಗಲೂ ಒಳಗೆಲ್ಲೋ ನುಸುಳಿ ಅಡಗಿ ಕುಳಿತ ಭಯ ಮತ್ತೊಂದು. ಎರಡನೆಯದನ್ನೇ ಅಲ್ಲವೆ ನಾವು ಚಿಂತೆಯೆನ್ನುವುದು? ದೇವರ ಭಯ, ಸಾವಿನ ಭಯ, ನೋವಿನ ಭಯ ಹಾಗೂ ಪ್ರಕೃತಿ ಹಾಕಿದ ಎಲ್ಲೆಯನ್ನು ಮೀರಿದ ಆಸೆ, ಇವು ಮನಸ್ಸನ್ನು ಕಲಕುವುವೆಂದು ಆತನ ಎಣಿಕೆ. ಕಲಕದೆ ತಿಳಿಯಾಗಿರುವ ಸ್ಥಿತಿಗೆ ಗ್ರೀಕರು ಅತರಾಕ್ಸಿಯಾ ಎಂದರು.

ಇದೇ ಪಂಥದ ಫಿಲೊಡೆಮಸ್ ಎಂಬಾತನ ಬರಹಗಳಿದ್ದ ಸುರುಳಿಗಳು, ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಕೆಳಗೆ ಹೂತುಹೋದ ಹರ್ಕ್ಯುಲೇನಿಯಂ ಪಟ್ಟಣದಲ್ಲಿ 1752ರಿಂದೀಚೆಗೆ ದೊರೆತಿವೆ. ಅಲ್ಲಿ ಈ ಬೋಧೆಗೆ ಚತುರ್ವಿಧ ಔಷಧಿಯೆಂಬ ಹೆಸರಿದೆ. ಆ ಹೆಸರು ವೈದ್ಯರಿಂದ ಎರವಲು ತಂದದ್ದು: ಮೇಣ, ಕೊಬ್ಬು, ಕೀಲು, ರಾಳ ಸೇರಿಸಿ ಗಾಯಕ್ಕೆ ಹಚ್ಚುತ್ತಿದ್ದ ಮುಲಾಮು ಅದು. ಮನಸ್ಸಿನ ಮುಲಾಮಿನಲ್ಲೂ ನಾಲ್ಕು ವಸ್ತು. ದೇವರಿಗೆ ಅಂಜಬೇಕಾಗಿಲ್ಲ, ಸಾವಿನ ಬಗ್ಗೆ ಕಳವಳ ಬೇಡ, ಬೇಕಾದ ಒಳಿತು ಸುಲಭವಾಗಿ ದೊರೆಯುತ್ತದೆ, ಬಂದ ಕಷ್ಟವನ್ನು ತಾಳಬಹುದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಸಾಲಗಾರ ಬಾಗಿಲಲ್ಲಿ ನಿಂತವನಿಗೆ, ಮನೆಯಲ್ಲಿ ಅಕ್ಕಿಯಿಲ್ಲದವಳಿಗೆ, ಈ ನಾಲ್ಕು ಮಾತು ಏನು ಮಾಡೀತು? ಕೈತುಂಬ ಇದ್ದವರ ವೇದಾಂತವಲ್ಲವೆ ಇದು? ಉತ್ತರ ಬೇಕಾದರೆ ಮೂಲಪುರುಷನ ಬಾಳನ್ನೇ ನೋಡಬೇಕು. ಎಪಿಕ್ಯೂರಸ್ ಕ್ರಿ.ಪೂ. 341ರಲ್ಲಿ ಸೇಮಾಸ್ ದ್ವೀಪದಲ್ಲಿ ಹುಟ್ಟಿದವನು. ತಂದೆ ಮಕ್ಕಳಿಗೆ ಅಕ್ಷರ ಕಲಿಸುವ ಉಪಾಧ್ಯಾಯ. ಅಲೆಗ್ಸಾಂಡರ್ ಸತ್ತ ಮೇಲೆ ಅಲ್ಲಿ ನೆಲೆಸಿದ್ದ ಅಥೆನ್ಸಿನವರನ್ನೆಲ್ಲ ಹೊರಗಟ್ಟಿದಾಗ ಈ ಕುಟುಂಬವೂ ನೆಲೆ ಕಳೆದುಕೊಂಡಿತು. ಕ್ರಿ.ಪೂ. 306ರ ಸುಮಾರಿಗೆ ಆತ ಅಥೆನ್ಸ್ ಸೇರಿ ತೋಟವೊಂದನ್ನು ಕೊಂಡು, ಹೆಂಗಸರಿಗೂ ಗುಲಾಮರಿಗೂ ಅಲ್ಲಿ ಸ್ಥಾನ ಕೊಟ್ಟ. ಮುಂದೆ ಡಿಮಿಟ್ರಿಯಸ್ ದೊರೆ ನಗರವನ್ನು ಮುತ್ತಿ ಬರಗಾಲ ಕವಿದಾಗ, ಎಪಿಕ್ಯೂರಸ್ ಕಾಳುಗಳನ್ನು ಎಣಿಸಿ ಸಂಗಡಿಗರಿಗೆ ಹಂಚಿ ಅವರ ಜೀವ ಉಳಿಸಿದನೆಂದು ಪ್ಲುಟಾರ್ಕ್ ಬರೆದಿದ್ದಾನೆ.

ಹಂಚುವ ಕೈ ಇಲ್ಲದಿದ್ದರೆ ಒಳಿತು ಸುಲಭವಾಗಿ ದೊರೆಯುತ್ತದೆಂಬ ಮಾತು ಕೇವಲ ಉಪದೇಶವಾಗುತ್ತಿತ್ತು. ತೋಟದಲ್ಲಿ ಚಿಂತೆಗೆ ಕೊಟ್ಟ ಚಿಕಿತ್ಸೆ ಇಡೀ ಬದುಕಿಗೆ ಸಂಬಂಧಿಸಿದ್ದು. ದೇಹಕ್ಕೆ ಸರಳವಾದ ಊಟ, ಬುದ್ಧಿಗೆ ಪ್ರಕೃತಿಯ ವಿಚಾರ, ನೆನಪಿಗೆ ಬಾಯಿಪಾಠ ಮಾಡಿದ ಚಿಕ್ಕ ಸೂತ್ರಗಳು, ಇವೆಲ್ಲಕ್ಕೂ ಆಧಾರವಾಗಿ ಸ್ನೇಹ. ಕ್ರಿ.ಪೂ. 270ರಲ್ಲಿ ಮೂತ್ರಕೋಶದ ಕಲ್ಲಿನಿಂದ ನರಳಿ ಸಾಯುವಾಗಲೂ, ಹಳೆಯ ಸಂಭಾಷಣೆಗಳ ನೆನಪು ಆ ನೋವಿಗೆ ಎದುರಾಗಿ ನಿಂತಿದೆಯೆಂದು ಆತ ಗೆಳೆಯನಿಗೆ ಬರೆದ. ಉಯಿಲಿನಲ್ಲಿ ಗತಿಸಿದ ಸ್ನೇಹಿತನ ಮಕ್ಕಳ ಪೋಷಣೆಗೆ ಏರ್ಪಾಡಿತ್ತು. ಪ್ರತಿ ತಿಂಗಳ 20ನೆಯ ದಿನ ಎಲ್ಲರೂ ಕೂಡಬೇಕೆಂದೂ ಇತ್ತು.

ಈ ಪಂಥಕ್ಕೂ ಕೊರತೆ ಇಲ್ಲದಿಲ್ಲ. ಸಾರ್ವಜನಿಕ ವ್ಯವಹಾರದಿಂದ ದೂರವಿದ್ದು ಮರೆಯಲ್ಲಿ ಬಾಳಬೇಕೆಂಬ ಅದರ ಬೋಧೆಯನ್ನು ಪ್ಲುಟಾರ್ಕ್ ಕಟುವಾಗಿ ಖಂಡಿಸಿದ. ಆದರೆ ಓಯಿನೋಆಂಡದ ಮುದುಕ ಆ ಮರೆಯಿಂದ ಹೊರಬಂದು, ನೆಮ್ಮದಿಯನ್ನು ಬೀದಿಯ ಗೋಡೆಗೆ ತಂದ. ಕಾಣದ ದಾರಿಹೋಕನ ಕಳವಳವನ್ನು ತನ್ನದೆಂದು ತಿಳಿದ.

ಆ ಗೋಡೆ ಉಳಿಯಲಿಲ್ಲ. ಮುಂದಿನ ಜನ ಅದರ ಕಲ್ಲುಗಳನ್ನು ಕಿತ್ತು ತಮ್ಮ ಕಟ್ಟಡಗಳಿಗೆ ಬಳಸಿಕೊಂಡರು. 1884ರಲ್ಲಿ ಫ್ರೆಂಚ್ ವಿದ್ವಾಂಸರು ಮೊದಲ ತುಂಡುಗಳನ್ನು ಗುರುತಿಸಿದರು. 1968ರಿಂದ ಮಾರ್ಟಿನ್ ಫರ್ಗ್ಯುಸನ್ ಸ್ಮಿತ್ ಎಂಬ ಆಂಗ್ಲ ವಿದ್ವಾಂಸರು ಅವುಗಳ ಶೋಧವನ್ನು ಮುಂದುವರಿಸಿದರು. ಇದುವರೆಗೆ ಸುಮಾರು 300 ತುಂಡುಗಳು ಬೆಳಕಿಗೆ ಬಂದಿವೆ. ಹೆಚ್ಚಿನ ಪಾಲು ಇನ್ನೂ ಮಣ್ಣಿನಲ್ಲಿದೆ. ಮದ್ದಿನ ಚೀಟಿ ಹರಿದಿದೆಯೆಂದು ನಾವು ಮರುಗಬೇಕಾಗಿಲ್ಲ. ಕಾಳನ್ನು ಎಣಿಸಿ ಹಂಚುವುದು, ತಿಂಗಳಿಗೊಮ್ಮೆಯಾದರೂ ಗೆಳೆಯರೊಡನೆ ಕುಳಿತು ಉಣ್ಣುವುದು, ಬೇರೊಬ್ಬನ ಕಳವಳಕ್ಕೆ ಕಿವಿಗೊಡುವುದು, ಇಷ್ಟನ್ನು ತಿಳಿಯಲು ಉಳಿದ ತುಂಡುಗಳೇ ಸಾಕು.