ಮೆಟ್ನರ್ ಸೊಸೈಟಿ

ರಷ್ಯದ ಸಂಗೀತ ರಚನಕಾರ, ಪಿಯಾನೊ ವಾದಕ ನಿಕೊಲಾಯ್ ಮೆಟ್ನರ್ (1880–1951) ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಸಂಸ್ಥೆ. ಇದರ ಪೋಷಕರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ (1919–1974). ಒಳ್ಳೆಯ ಸಂಗೀತ ತನ್ನ ಗುಣದಿಂದಲೇ ಬಾಳುತ್ತದೆ ಎಂಬ ನಂಬಿಕೆಗೆ ಈ ಸಂಸ್ಥೆಯ ಇತಿಹಾಸ ಒಪ್ಪಿಗೆ ಕೊಡುವುದಿಲ್ಲ. ಅದನ್ನು ಕೇಳುಗರ ಕಿವಿಗೆ ಮುಟ್ಟಿಸುವ ಹೊಣೆಯನ್ನು ಯಾರಾದರೂ ಹೊರಲೇಬೇಕು.

ಮೆಟ್ನರ್ ಮೆಚ್ಚುಗೆಯೇ ಇಲ್ಲದೆ ಮರೆಯಾದವರಲ್ಲ. 1900ರಲ್ಲಿ ಮಾಸ್ಕೊ ಕನ್ಸರ್ವೇಟರಿಯಿಂದ ಹೊರಬಂದಾಗಲೇ ಅವರು ಹೆಸರುವಾಸಿ ವಾದಕರು. ರಷ್ಯದ ಇನ್ನೊಬ್ಬ ರಚನಕಾರ ರಖ್ಮಾನಿನೊವ್ ತಮ್ಮ ನಾಲ್ಕನೆಯ ಪಿಯಾನೊ ಕನ್ಚೆರ್ಟೊವನ್ನು (ವಾದ್ಯವೃಂದದೊಂದಿಗೆ ಒಂದು ವಾದ್ಯ ಮುಂದಾಗಿ ನುಡಿಯುವ ಕೃತಿ) ಅವರಿಗೆ ಅರ್ಪಿಸಿದರು. ಆದರೂ 1921ರಲ್ಲಿ ರಷ್ಯ ಬಿಟ್ಟು, ಜರ್ಮನಿ, ಫ್ರಾನ್ಸ್‌ಗಳಲ್ಲಿ ಅಲೆದು, 1930ರ ದಶಕದಲ್ಲಿ ಲಂಡನ್ನಿನಲ್ಲಿ ನೆಲೆ ನಿಂತ ಅವರಿಗೆ ಸಿಕ್ಕ ಕೇಳುಗರು ಕೆಲವರೇ. ಸ್ಟ್ರಾವಿನ್ಸ್ಕಿ, ಶೋನ್‌ಬರ್ಗ್‌ರ ಹೊಸತನವನ್ನು ಎಲ್ಲರೂ ಚರ್ಚಿಸುತ್ತಿದ್ದಾಗ ಅವರು ಹಳೆಯ ಸ್ವರಮೇಳದ ನಿಯಮಗಳನ್ನೇ ಹಿಡಿದು ಬರೆದರು. 1935ರ ತಮ್ಮ ಪುಸ್ತಕದಲ್ಲಿ ಅದನ್ನೇ ಸಮರ್ಥಿಸಿಕೊಂಡರು. ಸಿಂಫನಿ, ಆಪೆರಾಗಳ ಗೋಜಿಗೆ ಹೋಗದೆ ಹದಿನಾಲ್ಕು ಪಿಯಾನೊ ಸೊನಾಟಾ, ಮೂರು ಕನ್ಚೆರ್ಟೊ, ನೂರಕ್ಕೂ ಹೆಚ್ಚು ಗೀತೆಗಳನ್ನು ರಚಿಸಿದರು. ‘ರಾತ್ರಿಗಾಳಿ’ ಎಂದು ಹೆಸರಾದ ಸೊನಾಟಾ ಸುಮಾರು ಅರ್ಧ ಗಂಟೆ ಎಡೆಬಿಡದೆ ಹರಿಯುತ್ತದೆ; ಅದರಲ್ಲಿ ಒಂದು ಸ್ವರಸಾಲು ಇನ್ನೊಂದರೊಳಗೆ ಹೆಣೆದುಕೊಂಡೇ ಬೆಳೆಯುತ್ತದೆ. ಇಂಥ ಸಂಗೀತ ಒಂದೇ ಕೇಳ್ಮೆಗೆ ದಕ್ಕುವಂಥದ್ದಲ್ಲ. ಎರಡನೆಯ ಮಹಾಯುದ್ಧ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ವರಮಾನವನ್ನೂ ನಿಲ್ಲಿಸಿತು.

ಧ್ವನಿಮುದ್ರಣದ ಬೆಲೆ ತಿಳಿಯುವುದು ಇಲ್ಲಿಯೇ. ಮತ್ತೆ ಮತ್ತೆ ಕೇಳಿದರೆ ಮಾತ್ರ ಬಿಚ್ಚಿಕೊಳ್ಳುವ ಸಂಗೀತಕ್ಕೆ ಅಪರೂಪದ ಕಛೇರಿ ಸಾಲದು. ಪಾಶ್ಚಾತ್ಯ ಸಂಗೀತವನ್ನು ಅಭ್ಯಾಸ ಮಾಡಿದ್ದ ಒಡೆಯರ್ ಇದನ್ನು ಅರಿತಿದ್ದರು. ಅವರ ನೆರವಿನಿಂದ 1947ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಮೆಟ್ನರ್ ಮೂರೂ ಕನ್ಚೆರ್ಟೊಗಳನ್ನು ಎಚ್‌ಎಂವಿ ಧ್ವನಿಮುದ್ರಣ ಕಂಪನಿಗೆ ನುಡಿಸಿದರು. ಮುಂದೆ ಅವರ ಗೀತೆಗಳನ್ನು ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಮುಂತಾದವರು ಹಾಡಿದರು. ಮೂರನೆಯ ಕನ್ಚೆರ್ಟೊ ಮಹಾರಾಜರಿಗೆ ಅರ್ಪಿತವಾಗಿದೆ. ಆದರೆ ಈ ಧ್ವನಿಮುದ್ರಣಗಳೆಲ್ಲ ಹೊರಬಂದದ್ದು ನಿಮಿಷಕ್ಕೆ 78 ಸುತ್ತಿನ ತಟ್ಟೆಗಳಲ್ಲಿ. ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ನಾಲ್ಕೈದು ನಿಮಿಷ. ಕೇಳುಗ ಎದ್ದು ತಟ್ಟೆ ತಿರುವಿದಾಗಲೆಲ್ಲ ಸಂಗೀತ ತುಂಡಾಗುತ್ತಿತ್ತು. 1952ರಲ್ಲಿ ಎಚ್‌ಎಂವಿಯ ಒಡೆತನ ಹೊಂದಿದ್ದ ಇಎಂಐ ಬ್ರಿಟನ್ನಿನಲ್ಲಿ ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ತಟ್ಟೆಗಳನ್ನು ತಂದಾಗ ಈ ಭಾರದ ಸಂಪುಟಗಳು ಹಳೆಯ ಸರಕಾದವು.

ಇದು ಅರಸನೊಬ್ಬನ ಖಯಾಲಿ, ಪ್ರಜೆಗಳ ದುಡ್ಡು ದೂರದ ರಷ್ಯದವನಿಗೆ ಏಕೆ ಹೋಗಬೇಕಿತ್ತು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಸಂಸ್ಥಾನದ ಸಂಪತ್ತು ಜನರ ದುಡಿಮೆಯಿಂದಲೇ ಬಂದದ್ದು. ಒಬ್ಬ ಪೋಷಕನ ಅಭಿರುಚಿಯನ್ನೇ ನೆಚ್ಚಿಕೊಂಡ ವ್ಯವಸ್ಥೆ ನ್ಯಾಯವಾದದ್ದೂ ಅಲ್ಲ. ಆದರೆ ಒಡೆಯರ್ ಪರದೇಶದ ಸಂಗೀತಕ್ಕಾಗಿ ನಾಡಿನದನ್ನು ಬಿಟ್ಟವರಲ್ಲ. ಸ್ವತಃ 94 ಕೃತಿಗಳನ್ನು ಕರ್ನಾಟಕ ಸಂಗೀತಕ್ಕೆ ಕೊಟ್ಟ ವಾಗ್ಗೇಯಕಾರರು. ಮೇಲಾಗಿ, ಅಂದು ಆ ಖರ್ಚನ್ನು ಮಾರುಕಟ್ಟೆ ವಹಿಸಿಕೊಂಡಿರಲಿಲ್ಲ. ಮೆಟ್ನರ್ 1951ರ ನವೆಂಬರ್‌ನಲ್ಲಿ ತೀರಿಕೊಂಡರು. ತಡಮಾಡಿದ್ದರೆ ರಚನಕಾರನೇ ನುಡಿಸಿದ ಕನ್ಚೆರ್ಟೊಗಳು ನಮಗೆ ಸಿಗುತ್ತಲೇ ಇರಲಿಲ್ಲ.

ಧ್ವನಿಮುದ್ರಣವೊಂದೇ ಸಾಕಿತ್ತೆ ಎಂದರೆ, ಇಲ್ಲ. ಮೆಟ್ನರ್ ಅವರ ಪತ್ನಿ ಆನ್ನಾ ಹಸ್ತಪ್ರತಿಗಳನ್ನು ಮಾಸ್ಕೊಗೆ ಒಯ್ದ ಮೇಲೆ, 1959ರಿಂದ 1963ರ ನಡುವೆ ಅಲ್ಲಿ ಸಮಗ್ರ ಕೃತಿಗಳ 12 ಸಂಪುಟಗಳು ಅಚ್ಚಾದವು. ಪಿಯಾನೊ ವಾದಕ ಎಮಿಲ್ ಗಿಲೆಲ್ಸ್ ಮೆಟ್ನರ್ ಅವರ ಸೊನಾಟಾಗಳನ್ನು ನುಡಿಸಿದರು. 1990ರ ದಶಕದಲ್ಲಿ ಜೆಫ್ರಿ ಟೋಜರ್, ನಿಕೊಲಾಯ್ ಡೆಮಿಡೆಂಕೊ, ಮಾರ್ಕ್-ಆಂಡ್ರೆ ಹ್ಯಾಮ್ಲಿನ್ ಮುದ್ರಿಸಿದ ಸಿಡಿಗಳಿಂದ ಹೊಸ ತಲೆಮಾರಿಗೆ ಮೆಟ್ನರ್ ಪರಿಚಯವಾದರು. ತಟ್ಟೆ, ಅಚ್ಚಾದ ಸ್ವರಲಿಪಿ, ನುಡಿಸುವ ಕೈ: ಈ ಮೂರೂ ಕೂಡಿದಾಗಲೇ ಪುನರುದ್ಧಾರ ಗಟ್ಟಿಯಾಯಿತು. ಮೈಸೂರು ಆಸ್ಥಾನದ ವಿದ್ವಾಂಸರ ಸಂಗೀತಕ್ಕೂ ಇದೇ ಮಾತು ಸಲ್ಲುತ್ತದೆ. ಹಳೆಯ ತಟ್ಟೆಗಳನ್ನು ಹುಡುಕಿ ಕಾಪಿಡುವುದು ಮೊದಲ ಹೆಜ್ಜೆ. ಅವುಗಳಲ್ಲಿರುವುದನ್ನು ಲಿಪಿಗಿಳಿಸಿ, ಕಲಿಸಿ, ಕಛೇರಿಯಲ್ಲಿ ಹಾಡಿಸುವವರೆಗೂ ಆ ಕೆಲಸ ಮುಗಿದಂತಲ್ಲ.